ಮುಂದಿನ ಕಿಂಡಿ, ಹಿಂದಿನ ಬಾಗಿಲು: ಮಂಡಕಳ್ಳಿ ರನ್‌ವೇಯಲ್ಲಿ ನಿಂತ ಎಟಿಆರ್ ಮತ್ತು ಮದ್ದೂರಿನ ಆರು ಜನ

ಮದ್ದೂರಿನ ಕಡೆಯ ಒಂದು ಕುಟುಂಬ ಹೈದರಾಬಾದಿನ ಮದುವೆಗೆ ಹೊರಟಿದೆ. ಮಂಡಿನೋವಿನ 68ರ ಅಜ್ಜಿ, ಅವರ ಮಗ, ಸೊಸೆ, 11 ವರ್ಷದ ಮೊಮ್ಮಗಳು, 14 ತಿಂಗಳ ಕೂಸು, ಜೊತೆಗೆ ಸೊಸೆಯ ತಮ್ಮ. ಬೆಂಗಳೂರಿನವರೆಗೆ ಹೋಗುವ ತಾಪತ್ರಯ ಬೇಡವೆಂದು ಮೈಸೂರಿನ ಮಂಡಕಳ್ಳಿಯಿಂದಲೇ ಟಿಕೆಟ್ ಮಾಡಿಸಿದ್ದಾರೆ. ವಿಮಾನ ಎಟಿಆರ್-72, ಎರಡು ಪ್ರೊಪೆಲ್ಲರ್‌ಗಳದ್ದು, ಸುಮಾರು 70 ಸೀಟು. ಟೇಕಾಫ್‌ಗೆ ಓಡುತ್ತಿರುವಾಗ ಬಲಗಡೆಯ ಎಂಜಿನ್‌ನಲ್ಲಿ ಬೆಂಕಿಯ ಎಚ್ಚರಿಕೆ ಬರುತ್ತದೆ. ಕ್ಯಾಪ್ಟನ್ ಬ್ರೇಕ್ ಹಾಕಿ ರನ್‌ವೇಯ ಮೇಲೆಯೇ ನಿಲ್ಲಿಸುತ್ತಾರೆ. ಬೆಂಕಿ ಆರುವುದಿಲ್ಲ. ಎಲ್ಲರೂ ಇಳಿಯಬೇಕು.

ಇದು ನಡೆದ ಘಟನೆಯ ವರದಿಯಲ್ಲ, ಅಭ್ಯಾಸಕ್ಕೆಂದು ಕಟ್ಟಿದ ಪ್ರಕರಣ. ಆದರೆ ಇಲ್ಲಿ ಪ್ರಯಾಣಿಕರು ಮಾಡುವ ಮುಖ್ಯ ತಪ್ಪುಗಳು ಬೇರೆ ಬೇರೆ ಊರಿನ ಅಪಘಾತಗಳಲ್ಲಿ ಜನ ನಿಜವಾಗಿ ಮಾಡಿದ್ದೇ. ಎಟಿಆರ್ ಅನ್ನೇ ಆರಿಸಿಕೊಳ್ಳಲು ಕಾರಣವಿದೆ. ನಮ್ಮ ಕಡೆಯವರು ವಿಮಾನದ ಸುರಕ್ಷತೆಯ ಬಗ್ಗೆ ಕೇಳಿದ್ದು, ವಿಡಿಯೋ ನೋಡಿದ್ದು ಎಲ್ಲ ದೊಡ್ಡ ಜೆಟ್‌ಗಳದ್ದು. ಮಂಡಕಳ್ಳಿಯ ರನ್‌ವೇ 1,740 ಮೀಟರ್. ಅಲ್ಲಿಂದ ಏರುವ ವಿಮಾನದಲ್ಲಿ ಜಾರುಬಂಡಿ ಇಲ್ಲ, ರೆಕ್ಕೆಯ ಮೇಲೆ ಇಳಿಯುವ ಬಾಗಿಲೂ ಇಲ್ಲ.

ಮೊದಲು ಒಂದು ಭ್ರಮೆ ಕಳೆಯಬೇಕು. 2010ರ ಮೇ 22ರಂದು ಮಂಗಳೂರಿನಲ್ಲಿ 166 ಜನರಲ್ಲಿ 8 ಜನ ಮಾತ್ರ ಉಳಿದದ್ದು ಕರ್ನಾಟಕದ ಮನಸ್ಸಿನಲ್ಲಿ ಅಚ್ಚೊತ್ತಿದೆ. ಹಾಗಾಗಿ "ವಿಮಾನಕ್ಕೆ ಏನಾದ್ರೂ ಆದ್ರೆ ಮುಗೀತು, ನಮ್ಮ ಕೈಲೇನಿದೆ" ಅನ್ನುವವರೇ ಹೆಚ್ಚು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 1983ರಿಂದ 2000ದವರೆಗೆ ಅಲ್ಲಿನ ವಿಮಾನಯಾನ ಸಂಸ್ಥೆಗಳ ಅಪಘಾತಗಳನ್ನೆಲ್ಲ ಲೆಕ್ಕ ಹಾಕಿದಾಗ, ಅವುಗಳಲ್ಲಿದ್ದ ಜನರ ಪೈಕಿ ಶೇ. 95ಕ್ಕೂ ಹೆಚ್ಚು ಮಂದಿ ಬದುಕಿದ್ದರು. ನೆಲದ ಮೇಲೆ ನಿಂತ ವಿಮಾನಕ್ಕೆ ಬೆಂಕಿ ಹತ್ತಿದಾಗಲಂತೂ ಯಾರು ಎಷ್ಟು ಬೇಗ ಹೊರಬಂದರು ಎಂಬುದರ ಮೇಲೆಯೇ ಜೀವ ನಿಂತಿರುತ್ತದೆ.

ಸೀಟು ಆರಿಸಿದ್ದು

ಮಗ ನಾಲ್ಕು ಮತ್ತು ಐದನೇ ಸಾಲಿನ ಎಡಗಡೆಯ ಸೀಟುಗಳನ್ನು ದುಡ್ಡು ಕೊಟ್ಟು ತೆಗೆದುಕೊಂಡಿದ್ದಾನೆ. "ಅವ್ವಂಗೆ ಮಂಡಿ ನೋವು, ಮುಂದಿದ್ರೆ ಬೇಗ ಇಳೀಬಹುದು" ಎಂಬ ಲೆಕ್ಕ. ಅಜ್ಜಿ ಕಿಟಕಿಗೆ, ಅವನು ಪಕ್ಕದಲ್ಲಿ. ಅವರ ಹಿಂದೆ ಸೊಸೆ, ತೊಡೆಯ ಮೇಲೆ ಕೂಸು, ಕಿಟಕಿಗೆ ಮೊಮ್ಮಗಳು. ಬಾಮೈದನಿಗೆ ಸಿಕ್ಕಿದ್ದು 16ನೇ ಸಾಲು.

ಈ ಲೆಕ್ಕ ಜೆಟ್‌ಗೆ ಸರಿ, ಎಟಿಆರ್‌ಗೆ ತಲೆಕೆಳಗು. ಎಟಿಆರ್-72ರಲ್ಲಿ ಕಾಕ್‌ಪಿಟ್ ಹಿಂದೆಯೇ ಲಗೇಜಿನ ಕೋಣೆ ಇದೆ. ಪ್ರಯಾಣಿಕರು ಹತ್ತಿ ಇಳಿಯುವ ಬಾಗಿಲು ಬಾಲದ ಕಡೆ, ಎಡಕ್ಕೆ. ಆ ಬಾಗಿಲಿಗೇ ಮೆಟ್ಟಿಲು ಕೂಡಿಕೊಂಡಿರುತ್ತದೆ. ಬಾಗಿಲು ಕೆಳಕ್ಕೆ ತೆರೆದರೆ ಅದೇ ಏಣಿ. ಅದರ ಎದುರು ಬಲಕ್ಕೆ ಇನ್ನೊಂದು ಸರ್ವಿಸ್ ಬಾಗಿಲು. ಇನ್ನೆರಡು ದಾರಿ ಕ್ಯಾಬಿನ್ನಿನ ಮುಂಭಾಗದ ಸಾಲಿನ ಪಕ್ಕ, ಎಡಕ್ಕೊಂದು ಬಲಕ್ಕೊಂದು. ಅವು ಬಾಗಿಲಲ್ಲ, ಕಿಂಡಿ. ಈ ಬಗೆಯ ಕಿಂಡಿಗೆ ನಿಯಮದಲ್ಲಿರುವ ಕನಿಷ್ಠ ಅಳತೆ ಅಗಲ 51 ಸೆಂ.ಮೀ., ಎತ್ತರ 91 ಸೆಂ.ಮೀ. ಒಳನೆಲದಿಂದ ಅದರ ಹೊಸ್ತಿಲು 51 ಸೆಂ.ಮೀ.ವರೆಗೆ ಎತ್ತರ ಇರಬಹುದು. ಅಂದರೆ ಮೊಣಕಾಲಿನ ಮಟ್ಟಕ್ಕೆ ಕಾಲೆತ್ತಿ, ಬೆನ್ನು ಬಗ್ಗಿಸಿ ದಾಟಬೇಕು. ಅಟ್ಟದ ಕಿಂಡಿಯಲ್ಲಿ ತೂರಿದ ಹಾಗೆ.

ಮಂಡಿ ಎತ್ತಲಾಗದ ಅಜ್ಜಿಯನ್ನು ಈ ಕಿಂಡಿಯ ಹತ್ತಿರ ಕೂರಿಸಿ, ಗಟ್ಟಿಮುಟ್ಟಾದ ಬಾಮೈದನನ್ನು ಮೆಟ್ಟಿಲಿನ ಹತ್ತಿರ ಬಿಟ್ಟದ್ದೇ ಈ ಪ್ರಕರಣದ ಮೊದಲ ತಪ್ಪು. ಮುದುಕರು, ಬಸುರಿಯರು, ಕೂಸು ಹೊತ್ತ ತಾಯಂದಿರು ಎಟಿಆರ್‌ನಲ್ಲಿ ಹಿಂದಿನ ಸಾಲುಗಳನ್ನು ಕೇಳಬೇಕು. ಮಾಮೂಲಿ ದಿನದಲ್ಲೂ ಮೊದಲು ಇಳಿಯುವವರು ಅಲ್ಲಿ ಕೂತವರೇ. ಕಿಂಡಿಯ ಪಕ್ಕದ ಸೀಟನ್ನಂತೂ ಮಕ್ಕಳಿಗೆ, ವಯಸ್ಸಾದವರಿಗೆ, ಗರ್ಭಿಣಿಯರಿಗೆ ಕೊಡುವ ಹಾಗೇ ಇಲ್ಲ. ಕಿಂಡಿ ತೆರೆಯುವ ಕೆಲಸ ಅಲ್ಲಿ ಕೂತವರ ಪಾಲಿಗೆ ಬರುತ್ತದೆ. 50 ಸೀಟಿಗೆ ಒಬ್ಬರಂತೆ ಈ ಅಳತೆಯ ವಿಮಾನಕ್ಕೆ ಇಬ್ಬರೇ ಕ್ಯಾಬಿನ್ ಸಿಬ್ಬಂದಿ. ಅವರು ನಾಲ್ಕು ದಾರಿಗೂ ಕೈ ಹಾಕಲಾರರು.

ನಿಂತ ಕ್ಷಣ

ಬಲಗಡೆಯ ಕಿಟಕಿಯಲ್ಲಿ ಕೆಂಪು ಬೆಳಕು. ಜೋರು ಬ್ರೇಕು, ಎಲ್ಲರೂ ಮುಂದಕ್ಕೆ ವಾಲುತ್ತಾರೆ, ವಿಮಾನ ನಿಲ್ಲುತ್ತದೆ. ಯಾರೋ "ಬೆಂಕಿ ಬೆಂಕಿ" ಎನ್ನುತ್ತಾರೆ. ಅರ್ಧ ಜನ ಎದ್ದು ನಿಂತಾಗಿದೆ.

ಇಲ್ಲಿ ಕೆಲವು ಸೆಕೆಂಡು ಕೂತೇ ಇರಬೇಕು. ಇದು ಮನಸ್ಸಿಗೆ ಒಗ್ಗದ ಮಾತು, ಆದರೂ ಪಾಲಿಸಲೇಬೇಕು. ಆ ಹೊತ್ತಿಗೆ ಕಾಕ್‌ಪಿಟ್‌ನಲ್ಲಿ ಪಾರ್ಕಿಂಗ್ ಬ್ರೇಕ್ ಹಾಕಿ, ಎರಡೂ ಎಂಜಿನ್‌ಗೆ ಇಂಧನ ಕಡಿದು, ಬೆಂಕಿ ಆರಿಸುವ ಅನಿಲ ಬಿಟ್ಟು, ಇಳಿಸುವುದೋ ಬೇಡವೋ ಎಂದು ತೀರ್ಮಾನಿಸುತ್ತಿರುತ್ತಾರೆ. ಎಟಿಆರ್‌ನ ಪ್ರೊಪೆಲ್ಲರಿನ ಅಡ್ಡಳತೆ 3.93 ಮೀಟರ್. ಮುಂದಿನ ಕಿಂಡಿಗಳು ಅದಕ್ಕಿಂತ ಕೊಂಚ ಮುಂದಿವೆ. ಆತುರಗಾರ ಕಿಂಡಿ ಕಿತ್ತು ಹಾರಿ, ಹಿಂದಕ್ಕೆ ಓಡಿದರೆ ನೇರ ತಿರುಗುವ ಅಲಗುಗಳಿಗೇ ಹೋಗುತ್ತಾನೆ. ಪ್ರೊಪೆಲ್ಲರ್ ಜೋರಾಗಿ ತಿರುಗುವಾಗ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ.

ಹಾಗಾದರೆ ಆದೇಶ ಬಾರದೇ ಹೋದರೆ? ಒಳಗೆ ಹೊಗೆ ತುಂಬುತ್ತಿದೆ, ಬೆಂಕಿ ಕಾಣುತ್ತಿದೆ, ಸಿಬ್ಬಂದಿ ಏಳುವ ಸ್ಥಿತಿಯಲ್ಲಿಲ್ಲ ಎಂದಾದರೆ ಕಾಯಬಾರದು. ಕಿಟಕಿಯಿಂದ ಹೊರಗೆ ನೋಡಿ, ಪ್ರೊಪೆಲ್ಲರ್ ನಿಂತಿದೆ, ಆ ಕಡೆ ಬೆಂಕಿ ಇಲ್ಲ ಎಂದು ಖಚಿತಪಡಿಸಿಕೊಂಡು ತೆರೆಯಬೇಕು. ಬೆಂಕಿ ಬಲಕ್ಕಿದ್ದರೆ ಬಲಗಡೆಯ ಎರಡೂ ದಾರಿ ಮುಟ್ಟುವಂತಿಲ್ಲ. ತೆರೆದರೆ ಜ್ವಾಲೆ ಒಳಗೆ ಬರುತ್ತದೆ. ನಾಲ್ಕರಲ್ಲಿ ಉಳಿದದ್ದು ಎರಡು: ಎಡಗಡೆಯ ಮುಂದಿನ ಕಿಂಡಿ, ಎಡಗಡೆಯ ಹಿಂದಿನ ಬಾಗಿಲು.

"ಇವ್ಯಾಕ್ಯುಯೇಟ್, ಇವ್ಯಾಕ್ಯುಯೇಟ್!" ಸಿಬ್ಬಂದಿಯ ಕೂಗು. "ಲೀವ್ ಎವ್ರಿಥಿಂಗ್!" ಅಜ್ಜಿಗೆ ಇದೊಂದೂ ತಿಳಿಯದು. ಆದೇಶಗಳು ಇಂಗ್ಲಿಷ್, ಹೆಚ್ಚೆಂದರೆ ಹಿಂದಿ. ಕನ್ನಡ ಮಾತ್ರ ಬಲ್ಲವರಿಗೆ ಆ ಗಳಿಗೆಯಲ್ಲಿ ಅನುವಾದ ಮಾಡಿ ಹೇಳುವ ಪುರುಸೊತ್ತು ಯಾರಿಗೂ ಇರುವುದಿಲ್ಲ. ಅದಕ್ಕೇ ಹಿಂದಿನ ದಿನವೇ ಮನೆಯಲ್ಲಿ ಕೂರಿಸಿ ಮೂರು ಕೂಗು ಕಲಿಸಿಡಬೇಕು. "ಅವ್ವ, ಬ್ರೇಸ್ ಅಂದ್ರೆ ಮುಂದಿನ ಸೀಟಿಗೆ ತಲೆ ಆನಿಸಿ ಬಗ್ಗೋದು, ಕೈ ಎರಡೂ ತಲೆ ಮೇಲೆ, ಪಾದ ನೆಲಕ್ಕೆ ಊರಿರಬೇಕು. ಇವ್ಯಾಕ್ಯುಯೇಟ್ ಅಂದ್ರೆ ಎದ್ದು ಹೊರಡೋದು. ಲೀವ್ ಎವ್ರಿಥಿಂಗ್ ಅಂದ್ರೆ ಚೀಲ ಮುಟ್ಟಂಗಿಲ್ಲ." ವಿಮಾನಯಾನ ಸಂಸ್ಥೆಗಳು ಮಂಡಕಳ್ಳಿಯಿಂದ ಹೊರಡುವ ವಿಮಾನದಲ್ಲಾದರೂ ಈ ಮೂರು ಮಾತನ್ನು ಕನ್ನಡದಲ್ಲಿ ಹೇಳಲೇಬೇಕು. ಇದು ಭಾಷಾಭಿಮಾನದ ಮಾತಲ್ಲ, ಜೀವ ಉಳಿಸುವ ಮಾತು.

ಬೆಲ್ಟು

ಮಗ ಬೆಲ್ಟಿನ ಪಕ್ಕದಲ್ಲಿ ಹೆಬ್ಬೆರಳಿನಿಂದ ಒತ್ತುತ್ತಿದ್ದಾನೆ. ಬಿಚ್ಚಿಕೊಳ್ಳುತ್ತಿಲ್ಲ. ಮತ್ತೆ ಒತ್ತುತ್ತಾನೆ. ದಿನಾ ಕಾರು ಓಡಿಸುವವನ ಕೈಗೆ ಗೊತ್ತಿರುವುದು ಗುಂಡಿ ಒತ್ತುವುದು. ವಿಮಾನದ ಬಕಲ್ಲಿನ ಮೇಲಿನ ತಗಡನ್ನು ಎತ್ತಬೇಕು. ಗಾಬರಿಯಲ್ಲಿ ತಲೆಗಿಂತ ಕೈಯ ರೂಢಿ ಮುಂದೆ ಓಡುತ್ತದೆ. ಅಪಘಾತಗಳ ತನಿಖೆಯಲ್ಲಿ ಈ ತೊಡಕು ಮತ್ತೆ ಮತ್ತೆ ಕಂಡಿದೆ. ಪರಿಹಾರ ಸುಲಭ. ಕೂತ ಕೂಡಲೇ ಕಣ್ಣು ಮುಚ್ಚಿ ಮೂರು ಸಲ ಹಾಕಿ ಬಿಚ್ಚಿ. ಅಜ್ಜಿಯ ಕೈಯಿಂದಲೂ ಮಾಡಿಸಿ. ಬೆಲ್ಟು ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮಟ್ಟಕ್ಕೆ ಬಿಗಿಯಾಗಿ ಇರಬೇಕು. ಸೀರೆಯ ನೆರಿಗೆ ಬಕಲ್ಲಿನೊಳಗೆ ಸಿಕ್ಕದಂತೆ ನೋಡಿಕೊಳ್ಳಬೇಕು. ದೊಡ್ಡವರ ಬೆಲ್ಟನ್ನೇ ಕೂಸಿಗೂ ಸೇರಿಸಿ ಸುತ್ತಬಾರದು. ಜೋರು ಬ್ರೇಕಿನಲ್ಲಿ ತಾಯಿಯ ಭಾರವೆಲ್ಲ ಕೂಸಿನ ಹೊಟ್ಟೆಯ ಮೇಲೆ ಬೀಳುತ್ತದೆ.

ಎಲ್ಲರೂ ಹಿಂದಕ್ಕೇ

ಈಗ ಅಪಾಯದ ತಿರುಳು. ಜನ ಹತ್ತಿದ ಬಾಗಿಲಿಗೇ ಓಡುತ್ತಾರೆ. ಎಟಿಆರ್‌ನಲ್ಲಿ ಎಲ್ಲರೂ ಹತ್ತಿದ್ದು ಹಿಂದಿನಿಂದ, ಹಾಗಾಗಿ 70 ಜನವೂ ಒಬ್ಬರೇ ನಡೆಯುವಷ್ಟು ಅಗಲದ ನಡುದಾರಿಯಲ್ಲಿ ಹಿಂದಕ್ಕೆ ನುಗ್ಗುತ್ತಾರೆ. ನಮ್ಮ ಕುಟುಂಬವೂ ಐದನೇ ಸಾಲಿನಿಂದ ಹಿಂದಕ್ಕೆ ತಿರುಗಿದೆ, ನಾಲ್ಕು ಹೆಜ್ಜೆ ಮುಂದೆ ಖಾಲಿ ಕಿಂಡಿ ಇರುವಾಗ. ಒಬ್ಬರಿಗೆ ಎರಡು ಸೆಕೆಂಡು ಎಂದು ಇಟ್ಟುಕೊಂಡರೂ ಒಂದೇ ಬಾಗಿಲಲ್ಲಿ 140 ಸೆಕೆಂಡು ಬೇಕು. ಎರಡು ದಾರಿಗೆ ಹಂಚಿಕೊಂಡರೆ 70. ಮಧ್ಯೆ ಹತ್ತು ಜನ ಬ್ಯಾಗು ತೆಗೆಯಲು ಐದೈದು ಸೆಕೆಂಡು ನಿಂತರೆ ಇನ್ನೂ 50 ಸೇರುತ್ತದೆ. 44ಕ್ಕಿಂತ ಹೆಚ್ಚು ಸೀಟಿನ ವಿಮಾನಕ್ಕೆ ಪ್ರಮಾಣಪತ್ರ ಸಿಗಬೇಕಾದರೆ ಅರ್ಧ ದಾರಿಗಳು ಮಾತ್ರ ತೆರೆದಿದ್ದರೂ 90 ಸೆಕೆಂಡಿನಲ್ಲಿ ಎಲ್ಲರೂ ಹೊರಬರಬಹುದೆಂದು ತೋರಿಸಬೇಕು. ಅಗ್ನಿಶಾಮಕ ವಾಹನಕ್ಕೆ ಅಂತರರಾಷ್ಟ್ರೀಯ ನಿಯಮ ಕೊಟ್ಟಿರುವ ಗಡುವು, ರನ್‌ವೇಯ ಯಾವ ತುದಿಗಾದರೂ ಆದಷ್ಟು 2 ನಿಮಿಷ, ಮೀರಬಾರದ್ದು 3 ನಿಮಿಷ. ಅಂದರೆ ಅವರು ಬರುವ ಮೊದಲೇ ನಾವು ಹೊರಗಿರಬೇಕು.

1985ರ ಆಗಸ್ಟ್ 22ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಇದೇ ಬಗೆಯ ಸನ್ನಿವೇಶ ನಿಜವಾಗಿ ನಡೆಯಿತು. ಟೇಕಾಫ್ ಓಟದಲ್ಲಿ ಬೋಯಿಂಗ್ 737ರ ಎಡ ಎಂಜಿನ್ ಒಡೆದು ಬೆಂಕಿ, ವಿಮಾನ ನಿಂತಿತು, 137 ಜನರಲ್ಲಿ 55 ಮಂದಿ ಸತ್ತರು, ಬಹುಪಾಲು ಹೊಗೆಯಿಂದ. ರೆಕ್ಕೆಯ ಪಕ್ಕದ ಕಿಂಡಿಯ ಬಳಿ ಕೂತಿದ್ದ ಪ್ರಯಾಣಿಕಳು ಮೊದಲು ಎಳೆದದ್ದು ತನ್ನದೇ ಸೀಟಿನ ಕೈಹಿಡಿಯನ್ನು. ಪಕ್ಕದವಳು ಕೈಚಾಚಿ ಸರಿಯಾದ ಹಿಡಿ ಎಳೆದಾಗ ಸುಮಾರು 22 ಕಿಲೋ ತೂಕದ ಕದ ಕಳಚಿ ಒಳಕ್ಕೆ, ಅವಳ ಮೈಮೇಲೆಯೇ ಬಿತ್ತು. ಹಿಂದಿನ ಸಾಲಿನವರೊಬ್ಬರು ಅದನ್ನು ಎತ್ತಿ ಖಾಲಿ ಸೀಟಿನ ಮೇಲೆ ಹಾಕಿದ ಮೇಲೆ ದಾರಿಯಾಯಿತು. ವಿಮಾನ ನಿಂತು ಅಷ್ಟರಲ್ಲಿ 45 ಸೆಕೆಂಡಿನಷ್ಟು ಕಳೆದಿತ್ತು. ನೆಲದ ಉದ್ದಕ್ಕೂ ದಾರಿದೀಪ, ಬೇಗ ಉರಿಯದ ಸೀಟಿನ ಹೊದಿಕೆ, ಕಿಂಡಿಯ ಪಕ್ಕ ಹೆಚ್ಚು ಜಾಗ ಇವೆಲ್ಲ ಎಲ್ಲೆಡೆ ಕಡ್ಡಾಯವಾಗುವುದಕ್ಕೆ ಆ ಸಾವುಗಳು ಒತ್ತು ಕೊಟ್ಟವು.

ಎಟಿಆರ್‌ನ ಮುಂದಿನ ಕಿಂಡಿಗೂ ಕೀಲಿನ ಕದವಿಲ್ಲ. ಹಿಡಿ ಎಳೆದಾಗ ಇಡೀ ಕದವೇ ಬಿಡಿಸಿಕೊಳ್ಳುತ್ತದೆ, ಭಾರವಾಗಿರುತ್ತದೆ. ಅದನ್ನು ಎರಡೂ ಕೈಯಿಂದ ಹಿಡಿದು ಹೊರಗೆ ಎಸೆಯಬೇಕು. ನಡುದಾರಿಯಲ್ಲಿ ಬಿಟ್ಟರೆ ಅದೇ ಅಡ್ಡಿ. ಸೇಫ್ಟಿ ಕಾರ್ಡಿನಲ್ಲಿ ಆ ಚಿತ್ರ ಇರುತ್ತದೆ. ವಿಮಾನದಿಂದ ವಿಮಾನಕ್ಕೆ ಸಣ್ಣಪುಟ್ಟ ವ್ಯತ್ಯಾಸ ಇರುವುದರಿಂದ ಹತ್ತಿದ ವಿಮಾನದ ಕಾರ್ಡನ್ನೇ ನೋಡಬೇಕು. ದಾಟುವ ಕ್ರಮ: ಮೊದಲು ಒಂದು ಕಾಲು ಹೊರಗೆ, ಆಮೇಲೆ ಬಗ್ಗಿಸಿದ ತಲೆ ಮತ್ತು ಮೈ, ಕೊನೆಗೆ ಇನ್ನೊಂದು ಕಾಲು. ತಲೆ ಮೊದಲು ಹಾಕಿದವರು ಸಿಕ್ಕಿಕೊಳ್ಳುತ್ತಾರೆ. ಹೊಸ್ತಿಲ ಮೇಲೆ ಕೂತು ಕಾಲು ಇಳಿಬಿಟ್ಟು ಜಾರಿ ಇಳಿಯಬೇಕು. ನಿಂತು ನೆಗೆಯಬಾರದು. ನೆಲ 6 ಅಡಿಯೊಳಗೇ ಇರುತ್ತದೆ, ಜಾರುಬಂಡಿ ಇಲ್ಲದಿರುವುದು ಅದಕ್ಕೇ. ಪಂಚೆಯಾದರೆ ಮೇಲಕ್ಕೆ ಕಟ್ಟಿ, ಸೀರೆಯಾದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನೆರಿಗೆ ಎತ್ತಿ ಹಿಡಿದು ದಾಟಬೇಕು. ಮದುವೆಗೆಂದು ಪಾಲಿಯೆಸ್ಟರ್ ಸೀರೆ ಉಟ್ಟು ಹೊರಡುವುದಕ್ಕಿಂತ ಪ್ರಯಾಣಕ್ಕೆ ಹತ್ತಿಯ ಬಟ್ಟೆ ಒಳ್ಳೆಯದು. ಕೃತಕ ನೂಲು ಬಿಸಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ಕಾಲಿಗೆ ಕಟ್ಟಿಕೊಳ್ಳುವ ಚಪ್ಪಲಿ ಇರಲಿ.

ಅಜ್ಜಿ ಮತ್ತು ಕೂಸು

ಇಷ್ಟಾದ ಮೇಲೂ ಅಜ್ಜಿ ಕೂತಿರುವುದು ನಾಲ್ಕನೇ ಸಾಲಿನಲ್ಲಿಯೇ. ಹನ್ನೆರಡು ಸಾಲಿನ ನೂಕಾಟದಲ್ಲಿ ಹಿಂದಿನ ಮೆಟ್ಟಿಲಿಗೆ ಕರೆದೊಯ್ಯುವುದೋ, ಹತ್ತಿರದ ಕಿಂಡಿಯೋ? ಎಡ ಕಿಂಡಿ ತೆರೆದಿದ್ದರೆ ಅದೇ ಸರಿ, ಸ್ವಲ್ಪ ಕಷ್ಟವಾದರೂ. ಮಗ ಮೊದಲು ಇಳಿದು ಹೊರಗೆ ಕಿಂಡಿಯ ಕೆಳಗೆ ನಿಲ್ಲಬೇಕು. ಸೊಸೆ ಕೂಸಿನೊಂದಿಗೆ ಎರಡನೆಯವಳು, ಆಮೇಲೆ ಮೊಮ್ಮಗಳು. ಅಜ್ಜಿಯನ್ನು ಕಿಂಡಿಗೆ ಪಕ್ಕವಾಗಿ ನಿಲ್ಲಿಸಿ ಹೊಸ್ತಿಲ ಮೇಲೆ ಕೂರಿಸಿ, ಒಳಗಿನವರು ಒಂದೊಂದೇ ಕಾಲನ್ನು ಎತ್ತಿ ಹೊರಗೆ ದಾಟಿಸಿದರೆ, ಕೆಳಗಿನಿಂದ ಮಗ ಕಂಕುಳ ಕೆಳಗೆ ಹಿಡಿದು ಇಳಿಸಿಕೊಳ್ಳಬಹುದು. ಒಳಗೆ ಆ ಕೆಲಸಕ್ಕೆ ಒಬ್ಬರನ್ನು ಮೊದಲೇ ಮಾತಾಡಿಸಿಟ್ಟಿರಬೇಕು. ಟೇಕಾಫ್‌ಗೆ ಮೊದಲು ಪಕ್ಕದ ಸಾಲಿನವರಿಗೆ "ಅಣ್ಣ, ಏನಾದ್ರೂ ಆದ್ರೆ ನಮ್ಮವ್ವಂಗೆ ಒಂದು ಕೈ ಕೊಡಿ" ಎಂದರೆ ಇಲ್ಲವೆನ್ನುವವರು ಅಪರೂಪ. ಹಿಂದಿನಿಂದ ಜನ ಒತ್ತುತ್ತಿದ್ದು ಅಜ್ಜಿಯ ಕಾಲು ಏಳದೇ ಹೋದರೆ, ಅವರನ್ನು ಪಕ್ಕದ ಸಾಲಿನೊಳಕ್ಕೆ ಸರಿಸಿ ನಾಲ್ಕೈದು ಜನರನ್ನು ಬಿಟ್ಟು ಮತ್ತೆ ಪ್ರಯತ್ನಿಸಬೇಕು. ಕಿಂಡಿಯಲ್ಲಿ ಸಿಕ್ಕಿಕೊಂಡು ನಿಲ್ಲುವುದು ಅವರಿಗೂ ಹಿಂದಿದ್ದವರಿಗೂ ಕೇಡು.

ಕೂಸನ್ನು ಎದೆಗೆ ಒರಗಿಸಿ, ಮುಖ ಒಳಕ್ಕೆ ಮಾಡಿ, ಒಂದು ಅಂಗೈ ಅದರ ತಲೆಯ ಹಿಂದೆ ಇಟ್ಟು ದಾಟಬೇಕು. ಕಿಂಡಿಯ ಅಂಚಿಗೆ ಮೊದಲು ತಗಲುವುದು ಕೂಸಿನ ತಲೆಯೇ.

ಹೊಗೆ ಇಳಿದರೆ ಎಲ್ಲರೂ ಬಗ್ಗಬೇಕು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಯನೈಡ್ ಕೆಲವೇ ಉಸಿರಿಗೆ ಪ್ರಜ್ಞೆ ತಪ್ಪಿಸಬಲ್ಲವು. ಒದ್ದೆ ಬಟ್ಟೆ ಮಸಿಯನ್ನು ತಡೆಯುತ್ತದೆ, ಈ ಅನಿಲಗಳನ್ನಲ್ಲ. ಅದನ್ನು ಹುಡುಕುತ್ತ ಕೂರಬಾರದು. ಕಣ್ಣು ಕಾಣದಾಗ ಉಪಯೋಗಕ್ಕೆ ಬರುವುದು ಲೆಕ್ಕ. ಮೊಮ್ಮಗಳಿಗೆ ಈ ಕೆಲಸ ಕೊಡಿ: ಕೂತ ತಕ್ಷಣ ಮುಂದಿನ ಕಿಂಡಿಗೆ ಎಷ್ಟು ಸಾಲು, ಹಿಂದಿನ ಬಾಗಿಲಿಗೆ ಎಷ್ಟು ಸಾಲು ಎಂದು ಸೀಟಿನ ತಲೆಭಾಗ ಎಣಿಸಿ ಎಲ್ಲರಿಗೂ ಹೇಳಲಿ. ಮಕ್ಕಳು ಇದನ್ನು ದೊಡ್ಡವರಿಗಿಂತ ಶ್ರದ್ಧೆಯಿಂದ ಮಾಡುತ್ತಾರೆ. ಕತ್ತಲಲ್ಲಿ ಒಂದೊಂದೇ ಸೀಟನ್ನು ಕೈಯಿಂದ ಮುಟ್ಟುತ್ತ ಅಷ್ಟು ಎಣಿಸಿದರೆ ದಾರಿ ಸಿಗುತ್ತದೆ.

ಚೀಲ

ಬಾಮೈದ ಹಿಂದಿನ ಬಾಗಿಲ ಹತ್ತಿರವೇ ಇದ್ದಾನೆ. ಅವನ ತಲೆಯ ಮೇಲಿನ ಬಿನ್ನಿನಲ್ಲಿ ಮದುವೆಯ ಒಡವೆ. ಅವನ ಕೈ ಮೇಲೆ ಹೋಗುವುದು ಸಹಜ. ಆದರೆ ಅವನು ನಿಂತಷ್ಟು ಹೊತ್ತು ಅವನ ಮುಂದಿನ ಸಾಲುಗಳವರೆಲ್ಲ ನಿಲ್ಲುತ್ತಾರೆ. 2016ರ ಆಗಸ್ಟ್ 3ರಂದು ತಿರುವನಂತಪುರದಿಂದ ದುಬೈಗೆ ಹೋದ ಬೋಯಿಂಗ್ 777 ರನ್‌ವೇಗೆ ಅಪ್ಪಳಿಸಿ ಉರಿಯತೊಡಗಿದಾಗ ಜನ ಬಿನ್ ತೆರೆದು ಬ್ಯಾಗು ಎಳೆಯುತ್ತಿದ್ದ ವಿಡಿಯೋ ಎಲ್ಲರೂ ನೋಡಿದ್ದಾರೆ. ಒಳಗಿದ್ದ 300 ಜನ ಉಳಿದರು, ಆಮೇಲೆ ಆದ ಸ್ಫೋಟದಲ್ಲಿ ಅಗ್ನಿಶಾಮಕ ಸಿಬ್ಬಂದಿಯೊಬ್ಬರು ಸತ್ತರು. 2024ರ ಜನವರಿ 2ರಂದು ಟೋಕಿಯೋದ ಹನೇಡಾದಲ್ಲಿ ಏರ್‌ಬಸ್ ಎ350 ಇಡಿಯಾಗಿ ಸುಟ್ಟುಹೋಯಿತು. ಎಂಟರಲ್ಲಿ ಮೂರೇ ದಾರಿ ಬಳಸಬಹುದಾಗಿತ್ತು, ಮೈಕು ಕೆಟ್ಟಿತ್ತು, ಆದರೂ 379 ಜನವೂ ಹೊರಬಂದರು. ಅಲ್ಲಿ ಬಹುತೇಕ ಎಲ್ಲರೂ ಬರಿಗೈಯಲ್ಲಿ ಇಳಿದಿದ್ದರು. ಒಡವೆಯ ವಿಚಾರಕ್ಕೆ ಒಂದು ದಾರಿ ಇದೆ: ಒಡವೆ, ಆಧಾರ್, ಅಜ್ಜಿಯ ಮಾತ್ರೆ, ಫೋನು ಇವನ್ನು ಟೇಕಾಫ್‌ಗೂ ಲ್ಯಾಂಡಿಂಗ್‌ಗೂ ಮೈಮೇಲೆ ಜೇಬಿನಲ್ಲೋ ಸೊಂಟದ ಚೀಲದಲ್ಲೋ ಇಟ್ಟುಕೊಳ್ಳುವುದು. ಆಗ ಬಿನ್ನಿನ ಕಡೆ ನೋಡುವ ಕಾರಣವೇ ಉಳಿಯುವುದಿಲ್ಲ. ಅಪಘಾತಗಳು ಹೆಚ್ಚಾಗುವುದು ಏರುವಾಗಿನ ಮೊದಲ ಮೂರು, ಇಳಿಯುವಾಗಿನ ಕೊನೆಯ ಎಂಟು ನಿಮಿಷಗಳಲ್ಲಿ. ಆಗ ಚಪ್ಪಲಿ ಬಿಡಬಾರದು, ಇಯರ್‌ಫೋನ್ ತೆಗೆದಿರಬೇಕು, ನಿದ್ದೆ ಮಾಡಬಾರದು.

ಹುಲ್ಲಿನ ಮೇಲೆ

ಮುಂದಿನ ಕಿಂಡಿಯಿಂದ ಇಳಿದವರು ಮೂತಿಯ ಕಡೆ, ಹಿಂದಿನ ಬಾಗಿಲಿನಿಂದ ಇಳಿದವರು ಬಾಲದ ಕಡೆ ಹೊರಟು, ಎರಡೂ ಗುಂಪು ಎಡಕ್ಕೆ ಗಾಳಿ ಬೀಸಿ ಬರುವ ದಿಕ್ಕು ನೋಡಿ ಕನಿಷ್ಠ ನೂರು ಮೀಟರ್ ದೂರ ಹೋಗಬೇಕು. ಗಾಳಿ ಹೋಗುವ ಕಡೆ ನಿಂತರೆ ಹೊಗೆಯೂ ಇಂಧನದ ಆವಿಯೂ ಹಿಂದೆಯೇ ಬರುತ್ತವೆ. ರನ್‌ವೇಯ ಟಾರಿನ ಮೇಲೆ ನಿಲ್ಲಬಾರದು, ಅದು ಅಗ್ನಿಶಾಮಕ ವಾಹನಗಳ ದಾರಿ. 2013ರ ಜುಲೈ 6ರಂದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ನೊರೆಯಲ್ಲಿ ಮುಚ್ಚಿಹೋಗಿದ್ದ ಪ್ರಯಾಣಿಕಳ ಮೇಲೆ ಅಂಥ ವಾಹನ ಹರಿದಿತ್ತು. ಬೀಡಿ ಸಿಗರೇಟು ಹಚ್ಚಬಾರದು. ಮರೆತ ಫೋನಿಗೆ, ಕಾಣದ ಸಂಬಂಧಿಗೆ ವಿಮಾನಕ್ಕೆ ಮರಳಬಾರದು; ಒಳಗೆ ಯಾರಿದ್ದಾರೆಂದು ಅಗ್ನಿಶಾಮಕರಿಗೆ ಹೇಳಬೇಕು.

ನಮ್ಮ ಕುಟುಂಬದ ಐವರು ಒಂದು ಕಡೆ, ಬಾಮೈದ ಇನ್ನೊಂದು ಕಡೆ ಇಳಿದಿದ್ದಾರೆ. ಅವನು ಅಕ್ಕನನ್ನು ಹುಡುಕಿಕೊಂಡು ವಿಮಾನದ ಪಕ್ಕದಲ್ಲೇ ಮುಂದಕ್ಕೆ ಓಡುವುದು ಈ ಘಟ್ಟದ ದೊಡ್ಡ ಅಪಾಯ. "ಭಾವ, ಬೇರೆ ಬೇರೆ ಇಳಿದ್ರೆ ದೂರ ಹೋಗಿ, ಸಿಬ್ಬಂದಿ ತಲೆ ಎಣಿಸೋ ಜಾಗದಲ್ಲಿ ಸಿಗೋಣ" ಎಂದು ಮನೆಯಲ್ಲೇ ಮಾತಾಗಿರಬೇಕು.

ಹೊಗೆ ಕುಡಿದವರು ಚೆನ್ನಾಗಿಯೇ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ದನಿ ಒಡೆದಿದ್ದರೆ, ಮೂಗಿನ ಹೊಳ್ಳೆಯಲ್ಲಿ, ಉಗುಳಿನಲ್ಲಿ ಮಸಿ ಕಂಡರೆ, ತಲೆನೋವು ವಾಂತಿ ಇದ್ದರೆ ಮೊದಲ ಆಂಬುಲೆನ್ಸ್ ಅವರಿಗೆ. ಗಂಟಲಿನ ಊತ ಕೆಲವು ಗಂಟೆ ಕಳೆದು ಏರುತ್ತದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕಾರ್ಬನ್ ಮಾನಾಕ್ಸೈಡ್ ಸೇರಿದ ರಕ್ತವನ್ನೂ ಸರಿಯಾಗಿದೆ ಎಂದೇ ತೋರಿಸಬಹುದು, ಅದರ ಅಂಕಿ ನೋಡಿ ಮನೆಗೆ ಹೊರಡಬಾರದು. ಕೂಸು ಅಳದೆ ಮಂಕಾಗಿದ್ದರೆ ಅದನ್ನು ನಿದ್ದೆ ಎಂದುಕೊಳ್ಳದೆ ವೈದ್ಯರ ಕೈಗೆ ಮೊದಲು ಕೊಡಬೇಕು, ಆಮೇಲೆ ಅಜ್ಜಿಯನ್ನು.